ಮೂವತ್ತೊಂದು ಮಾತಿನ ಗುಬ್ಬಿ

ಚಾಲಕರಿಲ್ಲದ ಬಸ್ಸುಗಳು ರೋಣ ಡಿಪೊಗೆ ಬಂದು ಒಂಬತ್ತು ವರ್ಷವಾಗಿತ್ತು. ಬಂದ ಹೊಸದರಲ್ಲಿ ಕಂಡಕ್ಟರುಗಳ ಕೆಲಸವೂ ಹೋದಂತೆಯೇ ಎಂದು ಎಲ್ಲರೂ ಮಾತಾಡಿಕೊಂಡಿದ್ದರು. ಆರೇ ತಿಂಗಳಲ್ಲಿ ಮೇಲಿನವರಿಗೆ ಬುದ್ಧಿ ಬಂತು. ಬಸ್ಸು ತಾನಾಗಿ ಓಡೀತು, ತಾನಾಗಿ ನಿಂತೀತು. ಆದರೆ ಹಿಂದಿನ ಸೀಟಿನಡಿ ತುರುಕಿದ ಮೆಣಸಿನಕಾಯಿ ಚೀಲ ಯಾರದೆಂದು ಅದಕ್ಕೆ ತಿಳಿಯದು, ಮುದುಕಿಯೊಬ್ಬಳು ಕೈ ಎತ್ತಿ ಓಡಿಬರುತ್ತಿದ್ದರೆ ಅರ್ಧ ನಿಮಿಷ ತಡೆಯಬೇಕೆಂದೂ ತಿಳಿಯದು. ಚಾಲಕರು ಹೋದರು, ಕಂಡಕ್ಟರುಗಳು ಉಳಿದರು. ಹಾಗೆ ಉಳಿದವರಲ್ಲಿ ಸೌಭಾಗ್ಯ ಹೂಗಾರ ಒಬ್ಬಳು. ಮೂವತ್ತೇಳು ವರ್ಷದ ಗಟ್ಟಿ ಹೆಂಗಸು. ರೋಣ–ಗಜೇಂದ್ರಗಡ ರೂಟಿನ ಪ್ರತಿ ಸ್ಟೇಜೂ ಅವಳಿಗೆ ಬಾಯಿಪಾಠ.

ಅಮಾವಾಸ್ಯೆಗೆ ಮೂರು ದಿನ ಉಳಿದಿದ್ದ ಒಂದು ಗುರುವಾರ ಬೆಳಿಗ್ಗೆ, ಎಂಟೂ ಇಪ್ಪತ್ತರ ಸುಮಾರಿಗೆ, ಬಸ್ಸು ಇಟಗಿ ದಾಟುತ್ತಿರುವಾಗ ಅವಳ ಫೋನು ರಿಂಗಾಯಿತು. ಮಾತಾಡಿದವನು ತನ್ನ ಹೆಸರು ವಿಲ್ಫ್ರೆಡ್ ಕ್ರಾಸ್ತಾ ಎಂದೂ, ತಾನು ಬೆಂಗಳೂರಿನ ಚಂದ್ರ ಸಂಪರ್ಕ ಕೇಂದ್ರದಲ್ಲಿ ರೇಡಿಯೊ ಎಂಜಿನಿಯರ್ ಎಂದೂ ಹೇಳಿಕೊಂಡ. ರೋಣದ ಹೈಸ್ಕೂಲಿನಲ್ಲಿ ಓದಿದ ಸೌಭಾಗ್ಯ ಎಂಬುವರು ನೀವೇ ಏನು ಎಂದು ಕೇಳಿದ. ಹೌದೆಂದಳು. ನೀವು ಬರೆದ ಪ್ರೋಗ್ರಾಂ ಚಂದ್ರನ ಮೇಲೆ ಇನ್ನೂ ಓಡುತ್ತಿದೆ ಎಂದ. ಸೌಭಾಗ್ಯ ಫೋನ್ ಇಟ್ಟುಬಿಟ್ಟಳು. ಹಿಂದಿನ ವಾರವಷ್ಟೇ ಯಾವನೋ ಅವಳ ಗಂಡನಿಗೆ ಫೋನ್ ಮಾಡಿ, ಮಂಗಳ ಗ್ರಹದಲ್ಲಿ ನಿಮ್ಮ ಹೆಸರಿಗೆ ಸೈಟು ಮಂಜೂರಾಗಿದೆ, ಒಂದು ಓಟಿಪಿ ಬರುತ್ತದೆ ಹೇಳಿ ಎಂದಿದ್ದ.

ಹತ್ತು ನಿಮಿಷದಲ್ಲಿ ರೋಣ ಬಸ್‌ಸ್ಟ್ಯಾಂಡಿನ ಸಂಚಾರ ನಿಯಂತ್ರಕ ಹಳ್ಳೂರ ಸಾಹೇಬರ ಫೋನ್ ಬಂತು. ಎದುರಿಗೆ ಬರುವ ಬಸ್ಸು ಹತ್ತಿ ತಕ್ಷಣ ವಾಪಸು ಬಾ, ಡಿ.ಸಿ. ಆಫೀಸಿನಿಂದಲೇ ಹೇಳಿಕೆ ಬಂದಿದೆ ಎಂದರು. ಯಾಕೆಂದು ಕೇಳಿದ್ದಕ್ಕೆ, ತಮಗೂ ಪೂರ್ತಿ ತಿಳಿದಿಲ್ಲ, ಚಂದ್ರನ ವಿಷಯವಂತೆ ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಸೌಭಾಗ್ಯ ಬಸ್ಸು ನಿಲ್ಲಿಸಿ, ಟಿಕೆಟ್ ಯಂತ್ರ ಹೆಗಲಿಗೇರಿಸಿ ಇಳಿದಳು. ಇಪ್ಪತ್ಮೂರು ವರ್ಷದ ಹಿಂದಿನ ಮಾತು ಅದು. ಮನೆಯವರಿಗೂ ಅವಳು ಆ ಕಥೆ ಹೇಳುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

ಬಸ್‌ಸ್ಟ್ಯಾಂಡಿನ ನಿಯಂತ್ರಣ ಕೊಠಡಿ ಎಂದರೆ ಒಂದು ಕಬ್ಬಿಣದ ಮೇಜು, ಎರಡು ಕುರ್ಚಿ, ಗೋಡೆಯ ಮೇಲೊಂದು ಪರದೆ. ಯಾವ ಬಸ್ಸು ಎಲ್ಲಿದೆ ಎಂದು ತೋರಿಸುವ ಆ ಪರದೆಯ ಮೇಲೆ ಅಂದು ಕ್ರಾಸ್ತಾನ ಮುಖವಿತ್ತು. ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿದ್ದ ಐವತ್ತರ ಆಸುಪಾಸಿನ ಮನುಷ್ಯ. ಮೋಸದ ಕರೆ ಎಂದುಕೊಂಡೆ, ತಪ್ಪು ತಿಳಿಯಬೇಡಿ ಎಂದು ಸೌಭಾಗ್ಯ ಶುರುಮಾಡಿದಳು. ಅವನು ಅದನ್ನು ಕೇಳಿಸಿಕೊಳ್ಳಲೂ ನಿಲ್ಲಲಿಲ್ಲ.

ವಿಷಯ ಇಷ್ಟು. ಹಿಂದಿನ ದಿನ ಸೂರ್ಯನಿಂದ ಎದ್ದ ದೊಡ್ಡ ಬಿರುಗಾಳಿಯೊಂದು ಚಂದ್ರನ ಸುತ್ತ ತಿರುಗುತ್ತಿದ್ದ ಸಂಪರ್ಕ ಉಪಗ್ರಹವನ್ನು ಸುಟ್ಟುಹಾಕಿತ್ತು. ಅದೇ ಹೊತ್ತಿಗೆ ಚಂದ್ರನ ದಕ್ಷಿಣ ತುದಿಯ ನೆಲೆಯಿಂದ ಇಬ್ಬರು ಗಗನಯಾತ್ರಿಗಳು ಬಂಡಿಯಲ್ಲಿ ದೂರ ಹೋಗಿದ್ದರು. ಒಬ್ಬಳು ಪ್ರಣತಿ ಶೆಣೈ, ಕುಂದಾಪುರದವಳು. ಇನ್ನೊಬ್ಬ ತೋಂಬಾ ಸಿಂಗ್, ಮಣಿಪುರದವನು. ಅವರು ಆಳವಾದ ಒಂದು ತಗ್ಗಿಗೆ ಇಳಿದಿದ್ದಾರೆ, ಮೇಲೆ ಬಂದಿಲ್ಲ. ತಗ್ಗಿನಿಂದ ಭೂಮಿ ಕಾಣುವುದಿಲ್ಲ, ಆದ್ದರಿಂದ ಅವರ ರೇಡಿಯೊ ಭೂಮಿಗೆ ತಲುಪುವುದಿಲ್ಲ. ನೆಲೆಯಿಂದ ಭೂಮಿ ನೇರ ಕಾಣುವುದರಿಂದ ಅದರ ಜತೆ ಮಾತಾಡಬಹುದು, ಅಲ್ಲಿರುವ ಪುಟ್ಟ ಹಾರುಬಂಡಿ ಅವರನ್ನು ಕರೆತರಬಲ್ಲದು. ಆದರೆ ಅದರಲ್ಲಿರುವ ಇಂಧನಕ್ಕೆ ಅದು ಒಂದೇ ಸಲ ಹೋಗಿ ಬರಬಲ್ಲದು. ತಗ್ಗೋ, ಇಡೀ ರೋಣ ತಾಲೂಕಿನಷ್ಟು ದೊಡ್ಡದು, ಕತ್ತಲೆ ಬೇರೆ. ಅವರಿರುವ ಜಾಗ ಗೊತ್ತಾಗದೆ ಹಾರಿಸುವಂತಿಲ್ಲ. ಉಸಿರಾಡುವ ಗಾಳಿ ಹೆಚ್ಚೆಂದರೆ ನಾಳೆ ಬೆಳಗಿನವರೆಗೆ.

ಆ ತಗ್ಗಿನ ಅಂಚಿನಲ್ಲಿ ಒಂದು ದಿಬ್ಬ. ಅಲ್ಲಿಂದ ತಗ್ಗೂ ಕಾಣುತ್ತದೆ, ಭೂಮಿಯೂ ಕಾಣುತ್ತದೆ. ದಿಬ್ಬದ ಮೇಲೆ, 2031ರಲ್ಲಿ ಖಾಸಗಿ ಕಂಪನಿಯೊಂದು ಇಳಿಸಿದ ಸಣ್ಣ ನೌಕೆಯೊಂದು ವಾರೆಯಾಗಿ ನಿಂತಿದೆ. ಇಳಿದ ಒಂಬತ್ತೇ ದಿನಕ್ಕೆ ಅದು ಸತ್ತಿತು, ಕಂಪನಿ ಮುಚ್ಚಿತು, ಕಾಗದಪತ್ರವೂ ಉಳಿಯಲಿಲ್ಲ. ಆದರೆ ಕ್ರಾಸ್ತಾ ಬೆಳಗಿನ ಜಾವ ಚಂದ್ರ ಹುಟ್ಟಿದಾಗಿನಿಂದ ಆ ದಿಬ್ಬದ ಕಡೆ ದೊಡ್ಡ ಆಂಟೆನಾ ತಿರುಗಿಸಿ ಕಿವಿಗೊಟ್ಟಾಗ, ಹತ್ತು ನಿಮಿಷಕ್ಕೊಮ್ಮೆ, ಸೊಳ್ಳೆಯ ದನಿಯಂಥ ಒಂದು ಸಂಕೇತ ಕೇಳಿಸಿತು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ: ಎದ್ದೀನಿ. ಬಿಸಿ ಹದಿನಾಲ್ಕು. ರೋಣ. ಸೌಭಾಗ್ಯ. ಶಬಾನಾ.

“ಆ ಗುಡ್ಡದಲ್ಲಿ ಜೀವ ಇರುವುದು ಅಂತ ನಿಮ್ಮ ಬೋರ್ಡ್ ಒಂದೇ ಮಾರಾಯ್ರೆ,” ಎಂದ ಕ್ರಾಸ್ತಾ. “ಅದು ತಗ್ಗಿನವರ ಮಾತು ಕೇಳಿ ನಮಗೆ ದಾಟಿಸಿದ್ರೆ ಸಾಕು. ಆದ್ರೆ ಅದಕ್ಕೆ ಯಾವ ಭಾಷೆ ಬರ್ತದೆ ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ. ಮಧ್ಯಾಹ್ನ ಮೂರೂ ನಲವತ್ತಕ್ಕೆ ನಮಗೆ ಚಂದ್ರ ಮುಳುಗ್ತಾನೆ. ಅದರ ದನಿ ಕೇಳುವಷ್ಟು ದೊಡ್ಡ ಆಂಟೆನಾ ಬೇರೆ ಕಡೆ ಇಲ್ಲ.”

ಗೋಡೆಯ ಗಡಿಯಾರ ಒಂಬತ್ತೂ ಮುಕ್ಕಾಲು ತೋರಿಸುತ್ತಿತ್ತು.

ಸೌಭಾಗ್ಯ ಕೇಳಿದ ಮೊದಲ ಪ್ರಶ್ನೆ, ಶಬಾನಾಳಿಗೆ ಹೇಳಿದ್ದೀರಾ ಎಂಬುದು. ಅವಳ ನಂಬರು ಸಿಕ್ಕಿಲ್ಲ ಎಂದ ಕ್ರಾಸ್ತಾ. ನಂಬರೇಕೆ, ಅವಳ ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲೇ ಇದೆ ಎಂದು ಸೌಭಾಗ್ಯ ಟಿಕೆಟ್ ಯಂತ್ರವನ್ನು ಹಳ್ಳೂರ ಸಾಹೇಬರ ಕೈಗಿತ್ತು ಹೊರಗೋಡಿದಳು.

ಶಬಾನಾ ನದಾಫಳದು ಗಾದಿ ಅಂಗಡಿ. ಹತ್ತಿ ಹಿಂಜಿ ಗಾದಿ, ತಲೆದಿಂಬು ಹೊಲಿದು ಮಾರುವುದು ಅವರ ಮನೆತನದ ಕಸುಬು. ಪ್ರತಿ ಗುರುವಾರ ಅವಳು ಗಜೇಂದ್ರಗಡಕ್ಕೆ ದಿಂಬಿನ ಗಂಟು ಹೊತ್ತು ಸೌಭಾಗ್ಯಳ ಬಸ್ಸು ಹತ್ತುವಳು. ಗಂಟಿಗೆ ಲಗೇಜು ಟಿಕೆಟ್ ತೆಗೆದುಕೊಳ್ಳಬೇಕೋ ಬೇಡವೋ ಎಂದು ಇಬ್ಬರೂ ಸೂಡಿ ಬರುವವರೆಗೆ ಜಗಳವಾಡುವರು. ಅಂದು ಅವಳು ಹನ್ನೊಂದರ ಬಸ್ಸಿಗೆ ಗಂಟು ಕಟ್ಟುತ್ತಿದ್ದಳು. ಸೌಭಾಗ್ಯ ಏದುಸಿರು ಬಿಡುತ್ತ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ತಲೆಯ ಮೇಲೆಲ್ಲ ಹತ್ತಿಯ ಎಳೆ ಹೊತ್ತು ನಿಂತಿದ್ದ ಶಬಾನಾ ಕೈಯಲ್ಲಿದ್ದ ಹಗ್ಗ ಕೆಳಗಿಟ್ಟಳು. ಆಮೇಲೆ ಕೇಳಿದ್ದು ಒಂದೇ ಮಾತು: “ನನ್ನ ಹೆಸರೂ ಹೇಳತೈತಿ ಅದು?”

ಅವರಿಬ್ಬರೂ ಎಂಟನೇ ತರಗತಿಗೆ ಬಂದ ವರ್ಷ ಶಾಲೆಗೆ ಅಕ್ಕೂರ ಸರ್ ವರ್ಗವಾಗಿ ಬಂದರು. ವಿಜ್ಞಾನದ ಮಾಸ್ತರರು. ಅವರ ಸಾಮಾನಿನಲ್ಲಿ ಅರ್ಧ ಲಾರಿ ತುಂಬಿದ್ದು ಒಂದು ಗಾಜಿನ ಬೀರು. ಒಳಗೆ ಬಟ್ಟೆಬರೆ ಇರಲಿಲ್ಲ, ಹಳೆಯ ಕಂಪ್ಯೂಟರ್ ಬೋರ್ಡುಗಳಿದ್ದವು, ವಯಸ್ಸಿನ ಪ್ರಕಾರ ಮೇಲಿನಿಂದ ಕೆಳಕ್ಕೆ. ಎಲ್ಲಕ್ಕಿಂತ ಮೇಲೆ ಹುಬ್ಬಳ್ಳಿಯ ಹರಾಜಿನಲ್ಲಿ ಕೊಂಡ, ತಟ್ಟೆಯಷ್ಟು ಅಗಲದ ಹಸಿರು ಬೋರ್ಡು. ಅದರ ಮೇಲೆ ಬೆರಳೆಣಿಕೆಯ ಗುಂಡಿಗಳು, ಕೆಂಪಗೆ ಹೊಳೆಯುವ ಆರು ಅಂಕಿಗಳು, ಪರದೆ ಇಲ್ಲ, ಮೌಸ್ ಇಲ್ಲ, ಹೇಳಬೇಕಾದ್ದನ್ನೆಲ್ಲ ಅಂಕಿಗಳಲ್ಲೇ ಒತ್ತಬೇಕು. ಸರ್ ಅವರ ತಂದೆಯ ಕಾಲದಲ್ಲಿ ಒಂದು ಇಡೀ ಕಾಲೇಜಿಗೆ ಅಂಥದ್ದೊಂದು ಬೋರ್ಡು ಇದ್ದರೆ ಹೆಚ್ಚು. ಕೆಳಗಿನ ಅಂಕಣದಲ್ಲಿ ಮನೆಯ ಟಿ.ವಿ.ಗೆ ಸಿಕ್ಕಿಸುತ್ತಿದ್ದ ಕೀಲಿಮಣೆ ಕಂಪ್ಯೂಟರು. ಅದರ ಕೆಳಗೆ 2012ರಲ್ಲಿ ಬಂದ, ಗುರುತಿನ ಚೀಟಿಯಷ್ಟೇ ದೊಡ್ಡ ಬೋರ್ಡು. ಹುಡುಗರು ಕಂಪ್ಯೂಟರನ್ನು ಬರೀ ಬಳಸುವುದನ್ನು ಕಲಿಯುತ್ತಿದ್ದಾರೆ, ಬಿಚ್ಚಿ ಕಟ್ಟುವುದನ್ನು ಮರೆತಿದ್ದಾರೆ ಎಂದು ಬೇಸರಪಟ್ಟ ಕೆಲವು ಮೇಷ್ಟ್ರುಗಳೇ ಅದನ್ನು ಮಾಡಿದ್ದು ಎನ್ನುವಾಗ ಅಕ್ಕೂರ ಸರ್ ದನಿ ಏರುತ್ತಿತ್ತು. ಮೂರು ವರ್ಷ ಕಳೆಯುವಷ್ಟರಲ್ಲಿ ಅದರ ತಮ್ಮನೊಬ್ಬ ಎಷ್ಟು ಅಗ್ಗವಾದನೆಂದರೆ ಪತ್ರಿಕೆಯೊಂದರ ಮುಖಪುಟಕ್ಕೆ ಅಂಟಿಸಿ ಪುಕ್ಕಟೆ ಕೊಟ್ಟರಂತೆ.

ಬೀರುವಿನ ಕಟ್ಟಕಡೆಯ ಅಂಕಣದಲ್ಲಿದ್ದದ್ದು ಗುಬ್ಬಿ ಎಂಬ ಹೆಸರಿನ ಪುಟ್ಟ ಬೋರ್ಡು. ಗ್ಲುಕೋಸ್ ಬಿಸ್ಕೀಟಿನ ಅರ್ಧದಷ್ಟು. ಒಂದು ಪ್ಲೇಟು ಗಿರ್ಮಿಟ್ಟಿನ ಬೆಲೆಗೆ ಸಿಗುತ್ತಿತ್ತು. ಇದು ಕೆಟ್ಟರೆ ಯಾರೂ ಅಳುವುದಿಲ್ಲ, ಆದ್ದರಿಂದ ಹೆದರದೆ ಮುಟ್ಟಿ ಎಂದು ಸರ್ ಅದನ್ನು ಮಕ್ಕಳ ಕೈಗೇ ಕೊಟ್ಟಿದ್ದರು.

ಗುಬ್ಬಿಗಳು ಎರಡಿದ್ದವು, ಮಕ್ಕಳು ನಲವತ್ತೆರಡು. ಒಬ್ಬರ ಸರದಿ ಬರುವುದು ವಾರಕ್ಕೆ ಹತ್ತು ನಿಮಿಷ. ಆದ್ದರಿಂದ ಮೊದಲು ಕಾಗದದ ಮೇಲೆ ಬರೆದು, ಬಾಯಿಪಾಠ ಮಾಡಿಕೊಂಡು, ಸರದಿ ಬಂದಾಗ ತಪ್ಪಿಲ್ಲದೆ ಒತ್ತಿಬಿಡಬೇಕು. ಸೌಭಾಗ್ಯಳ ಮನೆಯಲ್ಲಿ ಅವ್ವ ಮಾಲೆ ಕಟ್ಟುತ್ತ ಕೂತರೆ ಹುಡುಗಿಯರಿಬ್ಬರೂ ಪಕ್ಕದಲ್ಲಿ ಹೊಟ್ಟೆಯ ಮೇಲೆ ಮಲಗಿ, ಹಳೆಯ ಲಗ್ನಪತ್ರಿಕೆಗಳ ಬೆನ್ನಿಗೆ ಪ್ರೋಗ್ರಾಂ ಬರೆಯುವರು. ಇಂಗ್ಲಿಷ್ ಆದೇಶಗಳು ನಾಲಿಗೆಗೆ ಹೊರಳದೆ, ತಮ್ಮದೇ ಮಾತುಗಳನ್ನು ಗುಬ್ಬಿಗೆ ಕಲಿಸಿದರು. ಏಳು, ಮಲಗು, ನೋಡು, ಎಣಿಸು, ಬರಿ, ತಡಿ, ಕೇಳು, ಹೇಳು, ತಿರುಗು, ಮೊದಲಿನಿಂದ ಶುರುಮಾಡಿಸುವ ಮತ್ತ. ಹೀಗೆ ಮೂವತ್ತೊಂದು. ಅವುಗಳಲ್ಲಿ ದೊಡ್ಡ ಮಾತು ‘ಕಲಿ’. ಕಲಿ ಎಂದು ಹೇಳಿ, ಒಂದು ಹೊಸ ಹೆಸರು ಕೊಟ್ಟು, ಅದರ ಅರ್ಥವನ್ನು ಹಳೆಯ ಮಾತುಗಳಲ್ಲೇ ವಿವರಿಸಿದರೆ ಸಾಕು, ಗುಬ್ಬಿಗೆ ಮೂವತ್ತೆರಡನೆಯ ಮಾತು ಬರುತ್ತಿತ್ತು. ಆ ವರ್ಷ ನೌಕೆಯ ಕಂಪನಿ ಶಾಲಾಮಕ್ಕಳ ಒಂದು ಪ್ರಯೋಗಕ್ಕೆ ಮೂವತ್ತೆಂಟು ಗ್ರಾಮಿನಷ್ಟು ಜಾಗ ಕೊಡುತ್ತೇವೆಂದು ಪ್ರಕಟಿಸಿದಾಗ, ಅಕ್ಕೂರ ಸರ್ ಈ ಹುಡುಗಿಯರ ಮಾತು ಕಲಿತ ಒಂದು ಗುಬ್ಬಿಯನ್ನು ಪುಟ್ಟ ರೇಡಿಯೊ ಮತ್ತು ಹೆಬ್ಬೆಟ್ಟಿನಷ್ಟು ದೊಡ್ಡ ಸೌರಫಲಕದ ಜತೆ ಕಳಿಸಿಕೊಟ್ಟರು. ಬ್ಯಾಟರಿ ಇಡಲಿಲ್ಲ, ಚಂದ್ರನ ಚಳಿಗೆ ಮೊದಲು ಸಾಯುವುದೇ ಬ್ಯಾಟರಿ, ಒಂದೆರಡು ಮಾತಿನಷ್ಟು ಶಕ್ತಿ ಹಿಡಿದಿಡುವ ಕೆಪಾಸಿಟರ್ ಸಾಕು ಎಂದರು. ಬಿಸಿಲು ಬಂದರೆ ಏಳಲಿ, ಹೋದರೆ ಮಲಗಲಿ. ಅಷ್ಟು ಸರಳವಾಗಿದ್ದುದರಿಂದಲೇ ಅದು ಉಳಿದುಕೊಂಡಿತ್ತು. ಅಕ್ಕೂರ ಸರ್ ಮಾತ್ರ ತೀರಿಕೊಂಡು ಏಳು ವರ್ಷವಾಗಿತ್ತು.

ನಿಯಂತ್ರಣ ಕೊಠಡಿಯಲ್ಲಿ ಗೆಳತಿಯರಿಬ್ಬರೂ ಮೂವತ್ತೊಂದು ಮಾತುಗಳನ್ನು ನೆನಪಿನಿಂದ ಬರೆದುಕೊಟ್ಟಾಗ ಹನ್ನೊಂದೂವರೆ. ಹೊರಗೆ ಸುದ್ದಿ ಹಬ್ಬಿ, ಬಸ್ಸು ಹತ್ತಬೇಕಾದವರೆಲ್ಲ ಕಿಟಕಿಗೆ ಮುಖ ಹಚ್ಚಿ ನಿಂತಿದ್ದರು. ಹೊಸ ಮಾತಿಗೆ ‘ದಾಟಿಸು’ ಎಂದು ಹೆಸರಿಟ್ಟರು. ಅದರ ಅರ್ಥ: ತಗ್ಗಿನ ಕಡೆಗೆ ತಿರುಗು, ಹೇಳು, ಕೇಳು, ಕೇಳಿದ್ದನ್ನು ಬರಿ, ನಾಲ್ಕು ಸಲ ತಡಿ, ಭೂಮಿಯ ಕಡೆಗೆ ತಿರುಗು, ಹೇಳು, ಮತ್ತ. ತಿರುಗು ಎಂದರೆ ಬೋರ್ಡೇನೂ ಹೊರಳುವುದಿಲ್ಲ. ರೇಡಿಯೊ ಒಂದು ಅಲೆ ಬಿಟ್ಟು ಇನ್ನೊಂದು ಅಲೆಗೆ ಹೋಗುತ್ತದೆ. ಒಂದು ಕಡೆ ಕೇಳುವಾಗ ಇನ್ನೊಂದು ಕಡೆಗೆ ಕಿವುಡು. ‘ಬರಿ’ ಎಂದರೆ ಒಂದು ಸಲಕ್ಕೆ ಎಂಟೇ ಅಕ್ಷರ ಹಿಡಿಯುತ್ತದೆ.

ಅಲ್ಲಿಯೇ ಜಗಳ ಹತ್ತಿದ್ದು. ‘ಕೇಳು’ ಎಂದರೆ ಗುಬ್ಬಿ ಇಪ್ಪತ್ತು ಸೆಕೆಂಡು ಕೇಳಿ ಮುಂದಕ್ಕೆ ಹೋಗುತ್ತದೆ ಎಂದಳು ಸೌಭಾಗ್ಯ. ಅಲ್ಲ, ಏನಾದರೂ ಕೇಳಿಸುವ ತನಕ ಕಾಯುತ್ತದೆ ಎಂದಳು ಶಬಾನಾ. ಕ್ರಾಸ್ತಾ ಪರದೆಯಲ್ಲಿ ಮುಂದಕ್ಕೆ ಬಾಗಿದ. ಕಾಯುವ ಗುಬ್ಬಿಯಾದರೆ, ತಗ್ಗಿನವರು ಆ ಹೊತ್ತಿಗೆ ಮಾತಾಡದಿದ್ದರೆ, ಅದು ಆ ಕಡೆಗೇ ಕಿವಿಗೊಟ್ಟು ಕೂತುಬಿಡುತ್ತದೆ. ಮತ್ತೆ ಭೂಮಿಯ ಮಾತು ಅದಕ್ಕೆ ತಲುಪಬೇಕಾದರೆ ದಿಬ್ಬದ ಬಿಸಿಲು ಹೋಗಿ ಬರಬೇಕು. ಹನ್ನೊಂದು ದಿನ.

ಇನ್ನೊಂದು ಗುಬ್ಬಿ ಎಲ್ಲಾದರೂ ಉಳಿದಿದೆಯೇ, ಪರೀಕ್ಷೆ ಮಾಡಿ ನೋಡಬಹುದೇ ಎಂದು ಅವನು ಕೇಳಿದ. ಶಬಾನಾ ಸ್ವಲ್ಪ ನಾಚಿಕೊಂಡಳು. ಇದೆ, ಕೆಲಸದಲ್ಲಿದೆ ಎಂದಳು.

ಎಲ್ಲರೂ ಗಾದಿ ಅಂಗಡಿಗೆ ಹೋದರು. ಹಳ್ಳೂರ ಸಾಹೇಬರು ಫೋನನ್ನು ಎತ್ತಿ ಹಿಡಿದುಕೊಂಡು ಕ್ರಾಸ್ತಾನಿಗೆ ತೋರಿಸುತ್ತ ನಡೆದರು. ಹತ್ತಿ ಹಿಂಜುವ ಯಂತ್ರದ ಬಗಲಿಗೆ, ಪೌಡರ್ ಡಬ್ಬಿಯೊಳಗೆ, ಹತ್ತಿಯ ಧೂಳು ಮೆತ್ತಿಕೊಂಡು ಕೂತಿತ್ತು ಎರಡನೆಯ ಗುಬ್ಬಿ. ಸರ್ ನಿವೃತ್ತರಾಗುವಾಗ ಶಬಾನಾಳಿಗೆ ಕೊಟ್ಟುಹೋಗಿದ್ದರು. ಉರುಳೆಯ ಸುತ್ತು ಎಣಿಸುವುದು, ಹತ್ತಿ ಸಿಕ್ಕಿಕೊಂಡರೆ ಮೋಟಾರು ನಿಲ್ಲಿಸುವುದು ಅದರ ಕೆಲಸ. ಶಬಾನಾಳ ಅತ್ತೆ ಒಳಗಿನಿಂದ ಬಂದು, ಇಷ್ಟು ಜನ ಯಾಕೆ ಬಂದಿದ್ದಾರೆಂದು ಕೇಳದೆಯೇ, ಚಹಾಕ್ಕೆ ನೀರಿಟ್ಟಳು. ಯಂತ್ರ ನಿಲ್ಲಿಸಿ, ಗುಬ್ಬಿಗೆ ಪರದೆ ಜೋಡಿಸಿ, ‘ಕೇಳು’ ಎಂದು ಒತ್ತಿದರು. ಇಪ್ಪತ್ತು ಸೆಕೆಂಡು ಹೋಯಿತು. ಒಂದು ನಿಮಿಷವೂ ಹೋಯಿತು. ಗುಬ್ಬಿ ಕಾಯುತ್ತಲೇ ಇತ್ತು.

ಶಬಾನಾ ತಲೆ ತಗ್ಗಿಸಿದಳು. ಇಪ್ಪತ್ತು ಸೆಕೆಂಡಿನದನ್ನು ತೆಗೆದು ಕಾಯುವಂತೆ ಬದಲಾಯಿಸಿದ್ದು ತಾನೇ ಎಂದು ಒಪ್ಪಿಕೊಂಡಳು. ಶಾಲೆಯಲ್ಲಿದ್ದಾಗಲೋ, ಅಂಗಡಿಗೆ ತಂದ ಮೇಲೋ ಎಂಬುದು ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಶಾಲೆಯಲ್ಲೇ ಆಗಿದ್ದರೆ ಚಂದ್ರನ ಮೇಲಿನದೂ ಕಾಯುವ ಗುಬ್ಬಿಯೇ. ಕ್ರಾಸ್ತಾ ಯಾರನ್ನೋ ಇಂಗ್ಲಿಷಿನಲ್ಲಿ ಕರೆದು, ಬೇರೆ ದಾರಿ ಹುಡುಕಲು ಹೇಳುವುದು ಫೋನಿನಲ್ಲಿ ಕೇಳಿಸಿತು.

ಸೌಭಾಗ್ಯ ಯಂತ್ರದ ಪಕ್ಕದ ಹತ್ತಿಯ ರಾಶಿಯ ಮೇಲೆ ಕೂತಳು. ಕಣ್ಣು ಮುಚ್ಚಿ, ಲಗ್ನಪತ್ರಿಕೆಯ ಬೆನ್ನಿಗೆ ಬರೆದಿದ್ದ ಪ್ರೋಗ್ರಾಮನ್ನು ಸಾಲುಸಾಲಾಗಿ ಮನಸ್ಸಿನಲ್ಲೇ ಓದಿದಳು. ಏಳು. ಬಿಸಿ ನೋಡು. ಹೇಳು. ಕೇಳು. ಹತ್ತು ನಿಮಿಷ ಮಲಗು. ಮತ್ತ. ಇನ್ನೊಮ್ಮೆ ಓದಿದಳು. ಥಟ್ಟನೆ ಎದ್ದು ಹಳ್ಳೂರ ಸಾಹೇಬರ ಕೈಯಿಂದ ಫೋನು ಕಸಿದುಕೊಂಡಳು.

“ಸರ್, ಅದು ಕಾಯಂಗಿಲ್ಲರಿ. ನಮ್ಮ ಗುಬ್ಬಿ ಒಮ್ಮೆ ಹೇಳಿದ ಮ್ಯಾಲೆ ಒಮ್ಮೆ ಕೇಳತೈತಿ, ಆಮ್ಯಾಲೆ ಮಲಗತೈತಿ. ಕಾಯೋದಿದ್ದರ ಮೊದಲನೇ ದಿನಾನ ಕೇಳಕೊಂತ ಕುಂತು, ಎರಡನೇ ಸಲ ಮಾತಾಡತಿರಲಿಲ್ಲ. ನಿಮಗ ಹತ್ತು ನಿಮಿಷಕ್ಕೊಮ್ಮೆ ದನಿ ಬರಾಕತ್ತೈತಿ ಅಂದ್ರ, ಅದು ತುಂಬೋತನಕ ನಿಂದ್ರೋ ಟಂಟಂ ಆಟೋ ಅಲ್ಲರಿ, ಟೈಮಿಗೆ ಬಿಡೋ ಬಸ್ಸು.”

ಫೋನಿನ ಆಚೆ ಕ್ರಾಸ್ತಾ ಯಾರಿಗೋ, ನಿಲ್ಲಿಸಿ, ನಿಲ್ಲಿಸಿ, ಇದೇ ದಾರಿ ಎಂದು ಕೂಗಿದ್ದು ಕೇಳಿತು. ಶಬಾನಾ ಗೆಳತಿಯ ಬೆನ್ನ ಮೇಲೆ ಗುದ್ದಿದ ಗುದ್ದಿಗೆ ಹತ್ತಿಯ ಧೂಳೆದ್ದಿತು.

ಒಂದೂ ಹತ್ತಕ್ಕೆ ‘ದಾಟಿಸು’ ಚಂದ್ರನಿಗೆ ಹೋಯಿತು. ಎಲ್ಲರೂ ನಿಯಂತ್ರಣ ಕೊಠಡಿಗೆ ಮರಳಿದ್ದರು. ಎರಡೂವರೆ ಸೆಕೆಂಡಿನ ಮೇಲೆ ಪರದೆಯಲ್ಲಿ ಒಂದು ಮಾತು ಮೂಡಿತು: ಕಲಿತೆ. ಬಸ್‌ಸ್ಟ್ಯಾಂಡಿನ ಜನ ಹೋ ಎಂದರು. ಇಪ್ಪತ್ಮೂರು ವರ್ಷದಲ್ಲಿ ಗುಬ್ಬಿಗೆ ಯಾರಾದರೂ ಮಾತು ಕಲಿಸಿದ್ದು ಅದೇ ಮೊದಲು.

ಆದರೆ ಆಮೇಲೆ ಏನೂ ಬರಲಿಲ್ಲ. ಐದು ನಿಮಿಷ, ಹತ್ತು ನಿಮಿಷ. ಒಂದೂ ಇಪ್ಪತ್ತೆರಡಕ್ಕೆ ಬಂದದ್ದು ಹಳೆಯ ಮಾತೇ: ಎದ್ದೀನಿ. ಬಿಸಿ ಹದಿನಾಲ್ಕು. ಗುಬ್ಬಿ ನಡುವೆಯೇ ಆರಿಹೋಗಿ, ಮತ್ತೆ ಎದ್ದು, ಕಲಿತದ್ದನ್ನು ಮರೆತಿತ್ತು. ಕ್ರಾಸ್ತಾನ ಜತೆಗಿದ್ದ ಎಂಜಿನಿಯರುಗಳು ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಲು ಶುರುಮಾಡಿದರು. ಗಂಟೆ ಎರಡು ದಾಟಿತು. ಅಷ್ಟು ಹೊತ್ತಿಗೆ ಸೌಭಾಗ್ಯಳ ಗಂಡ ಮಲ್ಲೇಶ ಗಿರಣಿ ಮುಚ್ಚಿ, ಹಿಟ್ಟು ಮೆತ್ತಿದ ಅಂಗಿಯಲ್ಲೇ ಬುತ್ತಿ ತಂದಿದ್ದ. ಎರಡು ರೊಟ್ಟಿ ತಿನ್ನು, ಆಮೇಲೆ ಚಂದ್ರ ನೋಡುವೆಯಂತೆ ಎಂದು ಬಲವಂತ ಮಾಡಿದ. ಸೌಭಾಗ್ಯ ರೊಟ್ಟಿ ಮುರಿಯುತ್ತ ಕಿಟಕಿಯಾಚೆ ನೋಡಿದಳು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಚಂದ್ರ ಆ ಬಿಸಿಲಿನಲ್ಲಿ ಎಲ್ಲೋ ಪಡುವಣಕ್ಕೆ ಇಳಿಯುತ್ತಿದ್ದ, ಕಣ್ಣಿಗೆ ಕಾಣುತ್ತಿರಲಿಲ್ಲ.

ಶಾಲೆಯ ಅಂಗಳ ನೆನಪಾಯಿತು. ಸೌರಫಲಕದ ಮೇಲೆ ಬೇವಿನ ಗಿಡದ ನೆರಳು ಬಿದ್ದಾಗಲೆಲ್ಲ ಗುಬ್ಬಿ ‘ಹೇಳು’ ಎನ್ನುವ ಹೊತ್ತಿಗೇ ಆರಿಹೋಗುತ್ತಿತ್ತು. ಕೇಳುವುದಕ್ಕೆ ಶಕ್ತಿ ಕಡಿಮೆ ಸಾಕು, ಹೇಳುವುದಕ್ಕೆ ಬಹಳ ಬೇಕು. ಅದಕ್ಕೇ ಹೇಳುವ ಮೊದಲು ಶಕ್ತಿ ತುಂಬಿಕೊಳ್ಳಲೆಂದು ‘ತಡಿ’ ಎಂಬ ಮಾತನ್ನು ಅವರು ಕಟ್ಟಿದ್ದು. ಒಂದು ತಡಿ ಎಂದರೆ ಅರ್ಧ ನಿಮಿಷ.

ಬಾಯಲ್ಲಿನ ತುತ್ತು ನುಂಗಿ, ಭೂಮಿಯ ಕಡೆ ಹೇಳುವಾಗ ಏನಾದರೂ ತುಣುಕು ಬಂದಿತ್ತೇ ಎಂದು ಅವಳು ಕ್ರಾಸ್ತಾನನ್ನು ಕೇಳಿದಳು. ಅವನು ದಾಖಲೆ ತೆಗೆದು ನೋಡಿದ. ಬಂದಿತ್ತು. ಎಂಟು ಅಕ್ಷರದ ಮಾತಿನಲ್ಲಿ ಮೂರು ಅಕ್ಷರ ಬಂದು ಕಡಿದಿತ್ತು. ಗದ್ದಲವೆಂದು ಯಂತ್ರ ಅದನ್ನು ಬದಿಗೊತ್ತಿತ್ತು. ಸೌಭಾಗ್ಯ ಅಲ್ಲಿಯೇ ಲೆಕ್ಕ ಹಾಕಿದಳು. ತಪ್ಪು ಪ್ರೋಗ್ರಾಮಿನಲ್ಲಿಲ್ಲ. ಫಲಕದ ಮೇಲೆ ಧೂಳು ಕೂತಿದೆ, ವಯಸ್ಸೂ ಆಗಿದೆ. ಮೊದಲಿನ ಅರ್ಧದಷ್ಟೂ ಶಕ್ತಿ ಬರುತ್ತಿಲ್ಲ. ನಾಲ್ಕು ತಡಿ ಹಾಕಿದ ಕಡೆ ಹನ್ನೆರಡು ಹಾಕಬೇಕು. ತಗ್ಗಿನವರಿಗೆ ಹೇಳುವ ಮೊದಲೂ ಹಾಕಬೇಕು. ಹಾಗೆ ಮಾಡಿದರೆ ಒಂದು ಸುತ್ತಿಗೆ ಹನ್ನೆರಡು ನಿಮಿಷ ಹಿಡಿಯುತ್ತದೆಂದು ಕ್ರಾಸ್ತಾ ಲೆಕ್ಕ ಕೊಟ್ಟ. ಚಂದ್ರ ಮುಳುಗುವುದರೊಳಗೆ ಸಿಗುವುದು ಐದಾರು ಸುತ್ತು ಮಾತ್ರ. ಒಂದು ಸುತ್ತಿಗೆ ಎಂಟಕ್ಷರ.

ಎಂಟಕ್ಷರದಲ್ಲಿ ಏನು ಹೇಳಿಯಾರು ಎಂದು ಹಳ್ಳೂರ ಸಾಹೇಬರು ಚಿಂತೆಗೆ ಬಿದ್ದರು. ಸ್ಟೇಜ್ ನಂಬರ್ ಹೇಳಿದರೆ ಊರಿನ ಹೆಸರು ಏಕೆ ಬೇಕು ಎಂದಳು ಸೌಭಾಗ್ಯ. ನಕ್ಷೆಯ ಚೌಕದ ಅಂಕಿ ಆರು ಸಾಕು, ಇಬ್ಬರೂ ಬದುಕಿದ್ದರೆ ಎರಡು ಎಂಬ ಅಂಕಿ ಸಾಕು. ತಗ್ಗಿನವರನ್ನು ಕೇಳಬೇಕಾದ್ದನ್ನು ಶಬಾನಾ ಬರೆದಳು, ಕನ್ನಡದಲ್ಲೇ: ಎಲ್ಲಿ, ಎಷ್ಟು. ಅದೂ ಎಂಟಕ್ಷರಕ್ಕೆ ಹೊಂದುವಂತೆ ಕತ್ತರಿಸಿ. ಕುಂದಾಪುರದ ಹೆಣ್ಣುಮಗಳಿಗೆ ಅಷ್ಟು ತಿಳಿಯದೇ ಹೋದೀತೇ ಎಂದಳು.

ಎರಡೂ ಮೂವತ್ತೈದಕ್ಕೆ ಎರಡನೆಯ ಸಲ ಕಳಿಸಿದರು. ಕಲಿತೆ ಎಂದಿತು ಗುಬ್ಬಿ. ಎರಡೂ ನಲವತ್ತೇಳಕ್ಕೆ ಪೂರಾ ಎಂಟಕ್ಷರ ಬಂತು, ಎಲ್ಲವೂ ಸೊನ್ನೆ. ಗುಬ್ಬಿ ಆರಲಿಲ್ಲ, ಆದರೆ ತಗ್ಗಿನಿಂದ ಏನೂ ಕೇಳಿಸಿರಲಿಲ್ಲ. ಎರಡೂ ಐವತ್ತೊಂಬತ್ತಕ್ಕೆ ಮತ್ತೆ ಸೊನ್ನೆ. ಗಜೇಂದ್ರಗಡದ ಬಸ್ಸು ಹೊರಡುವ ಹೊತ್ತು ಮೀರಿ ನಿಂತಿತ್ತು, ಕೇಳುವವರೂ ಇರಲಿಲ್ಲ. ಶಬಾನಾ ಸೌಭಾಗ್ಯಳ ಮುಂಗೈಯನ್ನು ಬಳೆ ಒತ್ತುವಂತೆ ಹಿಡಿದಿದ್ದಳು. ಮೂರೂ ಹನ್ನೊಂದು. ಸೊನ್ನೆ.

ಮೂರೂ ಇಪ್ಪತ್ಮೂರಕ್ಕೆ ಪರದೆಯ ಮೇಲೆ ಒಂದೊಂದೇ ಅಂಕಿ ಮೂಡಿತು. ನಾಲ್ಕು. ಒಂದು. ಏಳು. ಸೊನ್ನೆ. ಎಂಟು. ಎಂಟು. ಕೊನೆಗೆ ಎರಡು.

ಕ್ರಾಸ್ತಾ ಕನ್ನಡಕ ತೆಗೆದು ಅಂಗೈಯಿಂದ ಮುಖ ಒರೆಸಿಕೊಂಡ. ಆಮೇಲೆ ನೆಲೆಗೆ ಆ ಅಂಕಿಗಳನ್ನು ಎರಡು ಸಲ ಓದಿ ಹೇಳಿದ. ಹಾರುಬಂಡಿ ಹೊರಡಲು ಇಪ್ಪತ್ತು ನಿಮಿಷ ಬೇಕೆಂದು ಅಲ್ಲಿಂದ ಉತ್ತರ ಬಂತು. ಮೂರೂ ಮೂವತ್ತೈದರ ಕೊನೆಯ ಸುತ್ತಿನಲ್ಲಿ ಅದೇ ಅಂಕಿಗಳು ಮತ್ತೊಮ್ಮೆ ಬಂದವು. ಜತೆಗೆ ಎಂಟನೆಯ ಜಾಗದಲ್ಲಿ, ಯಾರೂ ಕೇಳಿರದ ಒಂದು ಅಕ್ಷರ, ಇಂಗ್ಲಿಷಿನ ಎಚ್. ಅದು ಏನೆಂದು ಎಂಜಿನಿಯರುಗಳು ತಮ್ಮೊಳಗೆ ಚರ್ಚಿಸುತ್ತಿರುವಾಗ ಶಬಾನಾ ಹೇಳಿದಳು, “ಹೂಂ ಅಂದಾಳ್ರಿ. ಕೇಳಿಸಿಕೊಂಡೀನಿ ಅಂತ.” ಐದು ನಿಮಿಷಕ್ಕೆ ಬೆಂಗಳೂರಿನ ಆಂಟೆನಾದಿಂದ ಚಂದ್ರ ಮರೆಯಾದ.

ಸಂಜೆ ಏಳಕ್ಕೆ, ಚಂದ್ರ ಇನ್ನೂ ಮುಳುಗದ ದೇಶವೊಂದರ ಕೇಂದ್ರದ ಮೂಲಕ, ಇಬ್ಬರೂ ನೆಲೆ ಸೇರಿದರೆಂಬ ಸುದ್ದಿ ಬಂತು. ಬಂಡಿಯ ಚಕ್ರಗಳು ಸಡಿಲ ಮಣ್ಣಿನಲ್ಲಿ ಹೂತು, ತೋಂಬಾ ಸಿಂಗನ ಕಾಲಿಗೆ ಪೆಟ್ಟಾಗಿತ್ತು, ಅಷ್ಟೇ. ಮೊದಲ ಮೂರು ಸಲ ರೇಡಿಯೊದ ಪರದೆಯಲ್ಲಿ ಗುಬ್ಬಿಯ ಮಾತು ಮೂಡಿದಾಗ, ಗಾಳಿ ಕಡಿಮೆಯಾಗಿ ತನಗೆ ಕನ್ನಡ ಕಾಣಿಸುತ್ತಿದೆ ಎಂದು ಪ್ರಣತಿ ಯಾರಿಗೂ ಹೇಳದೆ ಸುಮ್ಮನಿದ್ದಳಂತೆ. ನಾಲ್ಕನೆಯ ಸಲ ತೋಂಬಾನೇ, ಅವನಿಗೆ ಅರ್ಥವಾಗದ ಆ ಮಾತೇನೆಂದು ಕೇಳಿದಾಗಷ್ಟೇ ಅವಳು ರೇಡಿಯೊದ ಗುಂಡಿ ಒತ್ತಿದ್ದು.

ಹೊಸ ಉಪಗ್ರಹ ಮೇಲೇರಿ, ಎರಡು ತಿಂಗಳಾದ ಮೇಲೆ ಪ್ರಣತಿ ಶೆಣೈ ಆ ದಿಬ್ಬಕ್ಕೆ ಹೋಗುತ್ತೇನೆಂದು ಹಟ ಹಿಡಿದಳು. ಹೋದಳು. ಅವಳ ತಲೆಗವಚದ ಕ್ಯಾಮೆರಾ ಕಂಡದ್ದನ್ನು ರೋಣದ ಬಸ್‌ಸ್ಟ್ಯಾಂಡಿನ ಪರದೆಗೂ ತೋರಿಸುವ ಏರ್ಪಾಟನ್ನು ಕ್ರಾಸ್ತಾ ಮಾಡಿದ್ದ. ಸೌಭಾಗ್ಯ ನಾಲ್ಕೂ ಕಾಲರ ಟ್ರಿಪ್ಪಿಗೆ ಬಸ್ಸು ಹಚ್ಚಿ ಬಂದು ಎಲ್ಲರ ಜತೆ ನಿಂತಳು. ವಾರೆ ನಿಂತ ನೌಕೆ, ಅದರ ಮಗ್ಗುಲಲ್ಲಿ ಬೂದಿ ಬಳಿದಂಥ ಪುಟ್ಟ ಚೌಕ. ಅದರ ಕೆಳಗೆ ಇಬ್ಬರು ಹುಡುಗಿಯರು ಬೆಸುಗೆ ಹಾಕಿದ ಸೊಟ್ಟ ತಂತಿ. ಆ ತಂತಿ ಕಂಡದ್ದೇ ಸೌಭಾಗ್ಯ ಪಕ್ಕದಲ್ಲಿದ್ದ ಶಬಾನಾಳ ಬೆರಳು ಹಿಡಿದು ನೋಡಿದಳು. ಅದನ್ನು ಹಾಕುವಾಗ ಶಬಾನಾ ಬೆರಳು ಸುಟ್ಟುಕೊಂಡಿದ್ದಳು. ಪ್ರಣತಿ ಬಗ್ಗಿ, ಮೆತ್ತನೆಯ ಕುಂಚದಿಂದ ಫಲಕವನ್ನು ಎರಡು ಸಲ ಒರೆಸಿದಳು. ಬೂದಿಯ ಕೆಳಗಿಂದ ನೀಲಿ ಹೊಳೆಯಿತು.

ಪರದೆಯ ಮೂಲೆಯಲ್ಲಿ ಗುಬ್ಬಿಯ ಮಾತು ಬೀಳುವ ಜಾಗವಿತ್ತು. ಆ ದಿನದ ನಂತರ, ಬಿಸಿಲು ಬಂದಾಗಲೆಲ್ಲ ಮತ್ತೆ ಕಲಿಸಿ, ಅದನ್ನು ದಾಟಿಸುವ ಕೆಲಸದಲ್ಲೇ ಬಿಟ್ಟಿದ್ದರು. ಆದರೆ ತಡಿಗಳ ಲೆಕ್ಕವನ್ನು ತೆಗೆದು, ಶಕ್ತಿ ತುಂಬಿದಾಗ ಹೇಳು, ತಗ್ಗಿನಿಂದ ಏನೂ ಬರದಿದ್ದರೆ ನಿನ್ನ ಹಳೆಯ ಮಾತನ್ನೇ ಹೇಳು ಎಂದು ಸೌಭಾಗ್ಯ ಕಲಿಸಿದ್ದಳು. ಅಲ್ಲಿಯವರೆಗೆ ಹನ್ನೆರಡು ನಿಮಿಷಕ್ಕೊಮ್ಮೆ ಬರುತ್ತಿದ್ದ ಮಾತು ಈಗ ಬಂತು. ನಿಮಿಷ ಕಳೆಯುವುದರೊಳಗೆ ಇನ್ನೊಂದು. ಮತ್ತೊಂದು. ಎದ್ದೀನಿ, ರೋಣ, ಸೌಭಾಗ್ಯ, ಶಬಾನಾ ಎಂದು ಸಾಲಿನ ಮೇಲೆ ಸಾಲು ಬಿದ್ದು ಪರದೆಯ ಮೂಲೆ ತುಂಬಿ ಮೇಲಕ್ಕೇರತೊಡಗಿತು. ನೆರೆದವರು ನಗುತ್ತ ಎಣಿಸತೊಡಗಿದರು. ಇದಕ್ಕೆ ಇನ್ನೇನು ಹೊಸ ಮಾತು ಕಲಿಸೋಣ, ಹೇಳಿ ಮೇಡಂ ಎಂದು ಕ್ರಾಸ್ತಾ ಬೆಂಗಳೂರಿನಿಂದ ಕೇಳಿದ.

ಸೌಭಾಗ್ಯ ಬಾಯಿ ತೆರೆಯುವ ಮೊದಲೇ ಶಬಾನಾ ಅವಳ ಹೆಗಲ ಮೇಲಿನಿಂದ ಬಾಗಿ ಹೇಳಿದಳು:

“ಇವತ್ತೊಂದಿನ ಅದರ ಪಾಡಿಗೆ ಬಿಡ್ರಿ ಸರ್. ಇಪ್ಪತ್ಮೂರು ವರ್ಷ ಅರೆಹೊಟ್ಟಿಲೆ ಮಾತಾಡೇತಿ. ಒಮ್ಮೆ ಹೊಟ್ಟಿ ತುಂಬ ಮಾತಾಡಲಿ.”